ಪದಚರ್ಚೆ: ಎರಡು ವರ್ಕೌಟ್ ಸೇರಿಸಿದರೆ ‘ಹೈಬ್ರಿಡ್’ ಅನ್ನಬೇಕೇ?

ಎಲ್ಲರಿಗೂ ನಮಸ್ಕಾರ,

ಮನೆಯಲ್ಲೇ ವಿಡಿಯೊ ಹಾಕಿಕೊಂಡು ವ್ಯಾಯಾಮ ಮಾಡುವವರು ‘ಈಗ ಹೈಬ್ರಿಡ್ ಮಾಡ್ತಿದೀನಿ’ ಅನ್ನುವುದನ್ನು ನೀವೂ ಕೇಳಿರಬಹುದು. ಎರಡು ಬೇರೆ ಬೇರೆ ಕಾರ್ಯಕ್ರಮಗಳಿಂದ ವಿಡಿಯೊಗಳನ್ನು ಆರಿಸಿ ಒಂದೇ ವಾರದ ಪಟ್ಟಿ ಮಾಡಿಕೊಳ್ಳುವುದಕ್ಕೆ ಈ ಹೆಸರು. ಅಂಥದೊಂದು ಪಟ್ಟಿಯನ್ನು ನಮ್ಮ ಅಕ್ಕನಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗೋಡೆಗೆ ಅಂಟಿಸುವ ಪಟ್ಟಿ. ಪದ ಚಿಕ್ಕದಿರಬೇಕು, ನೋಡಿದ ತಕ್ಷಣ ತಿಳಿಯಬೇಕು. ಕೆಲವು ಕಡೆ ಸಿಕ್ಕಿಕೊಂಡಿದ್ದೇನೆ.

ನಾನು ಸೇರಿಸುತ್ತಿರುವುದು ಅಮೆರಿಕದ ಬೀಚ್‌ಬಾಡಿ ಕಂಪನಿಯ ಎರಡು ಹಳೆಯ ಕಾರ್ಯಕ್ರಮಗಳನ್ನು. ಒಂದು ಟೋನಿ ಹಾರ್ಟನ್ ನಡೆಸಿಕೊಡುವ ಪಿ90ಎಕ್ಸ್. 90 ದಿನದ್ದು. ಡಂಬೆಲ್ ಬೇಕು, ನೇತಾಡಲು ಕಂಬಿ ಬೇಕು. ಒಂದು ದಿನ ಎದೆ-ಬೆನ್ನು, ಇನ್ನೊಂದು ದಿನ ಭುಜ-ತೋಳು, ಮತ್ತೊಂದು ದಿನ ಕಾಲು-ಬೆನ್ನು. ನಡುವೆ ನೆಗೆತ, ಯೋಗ, ಕೆಂಪೊ (ಗುದ್ದು-ಒದೆತದ ಸಮರಕಲೆಯ ವ್ಯಾಯಾಮ). ಇನ್ನೊಂದು 2009ರಲ್ಲಿ ಬಂದ, ಶಾನ್ ಟಿ ನಡೆಸುವ ಇನ್ಸ್ಯಾನಿಟಿ. ಎರಡು ತಿಂಗಳದ್ದು. ಯಾವ ಸಾಮಾನೂ ಬೇಡ, ಬರೀ ನೆಗೆತ, ಓಟ, ದಂಡ. ಮೊದಲನೆಯದರಲ್ಲಿ ತೂಕ ಎತ್ತುವ ಕೆಲಸ ಚೆನ್ನಾಗಿದೆ, ಆದರೆ ಏದುಸಿರು ಬರಿಸುವುದರಲ್ಲಿ ಎರಡನೆಯದರ ಮುಂದೆ ಅದು ಮೆತ್ತಗೆ. ಎರಡನೆಯದರಲ್ಲಿ ಬೆನ್ನಿಗೆ ಕೆಲಸವೇ ಕಮ್ಮಿ, ಎಳೆಯುವ ಒಂದು ವ್ಯಾಯಾಮವೂ ಇಲ್ಲ ಅನ್ನಬಹುದು. ಹಾಗಾಗಿ ಜನ ಸೇರಿಸುತ್ತಾರೆ. ಪಿ90ಎಕ್ಸ್‌ನ ತೂಕದ ದಿನಗಳನ್ನು ಸೋಮ, ಬುಧ, ಶುಕ್ರ ಹಾಗೇ ಬಿಟ್ಟು, ನೆಗೆತ ಮತ್ತು ಕೆಂಪೊ ಇದ್ದ ಮಂಗಳವಾರ, ಶನಿವಾರಕ್ಕೆ ಇನ್ಸ್ಯಾನಿಟಿ ತಂದು ಕೂರಿಸುವುದು. ಗುರುವಾರದ ಯೋಗ ತೆಗೆಯಬಾರದು. ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ ಅಂತ ಎಲ್ಲರೂ ಮೊದಲು ಕತ್ತರಿ ಹಾಕುವುದು ಅದಕ್ಕೇ. ಅದು ತಪ್ಪು ಅನ್ನುವುದು ನನ್ನ ಅಭಿಪ್ರಾಯ.

ಈಗ ಪದಕ್ಕೆ ಬರೋಣ. ನಮ್ಮ ಸಂತೆಯಲ್ಲಿ ಹೈಬ್ರಿಡ್ ಅಂದರೆ ಟೊಮೇಟೊ. ನಾಟಿ ಅಲ್ಲದ್ದು. ಅಲ್ಲಿ ಎರಡು ತಳಿ ಕೂಡಿ ಮೂರನೆಯದು ಹುಟ್ಟಿದೆ, ತಂದೆ ತಾಯಿಯನ್ನು ಬೇರೆ ಮಾಡಿ ತೋರಿಸಲು ಆಗುವುದಿಲ್ಲ. ವ್ಯಾಯಾಮದ ಪಟ್ಟಿಯಲ್ಲಿ ಹಾಗಲ್ಲ. ಯಾವ ವಿಡಿಯೊ ಕೂಡ ಬದಲಾಗಿಲ್ಲ, ಅವು ಕೂತ ದಿನ ಮಾತ್ರ ಬದಲಾಗಿದೆ. ಆದ್ದರಿಂದ ‘ಮಿಶ್ರತಳಿ’ ಹೊಂದುವುದಿಲ್ಲ. ‘ಬೆರಕೆ’ ಎಂದರೆ ಹಿಂದೆಯೇ ‘ಕಲಬೆರಕೆ’ ನೆನಪಾಗುತ್ತದೆ, ಹಾಲಿಗೆ ನೀರು ಹಾಕಿದ ಹಾಗೆ ಕೇಳುತ್ತದೆ.

ನನಗೆ ಹೊಳೆದದ್ದು ‘ಅಕ್ಕಡಿ’. ಹಳೇ ಮೈಸೂರಿನ ಕಡೆ ರಾಗಿ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಜೋಳ, ಸಾಸಿವೆಯ ಸಾಲು ಹಾಕುತ್ತಾರಲ್ಲ, ಅದು ಅಕ್ಕಡಿ ಸಾಲು. ರಾಗಿ ರಾಗಿಯಾಗೇ ಇರುತ್ತದೆ, ಅವರೆ ಅವರೆಯಾಗೇ ಇರುತ್ತದೆ. ಹೊಲ ಯಾವುದರದ್ದು ಅನ್ನುವುದೂ ಗೊತ್ತಿರುತ್ತದೆ. ಇದು ಮುಖ್ಯ. ಎರಡು ಕಾರ್ಯಕ್ರಮ ಸೇರಿಸುವವರು ಎಡವುವುದು ಇಲ್ಲೇ, ಎರಡನ್ನೂ ಮುಖ್ಯ ಬೆಳೆ ಮಾಡಲು ಹೋಗುತ್ತಾರೆ. ಶುಕ್ರವಾರ ಕಾಲಿಗೆ ತೂಕ, ಶನಿವಾರ ನೆಗೆತ, ಭಾನುವಾರ ಬಿಟ್ಟು ಸೋಮವಾರ ಮತ್ತೆ ನೆಗೆತ ಅಂತ ತುಂಬಿದರೆ ಮಂಡಿ ಹೇಳಿಬಿಡುತ್ತದೆ. ‘ಪಿ90ಎಕ್ಸ್‌ಗೆ ಇನ್ಸ್ಯಾನಿಟಿ ಅಕ್ಕಡಿ’ ಎಂದು ಬರೆದರೆ ಯಾವುದು ಮೂಲ, ಯಾವುದು ನಡುವೆ ಬಂದದ್ದು ಅನ್ನುವುದು ಒಂದೇ ಮಾತಿನಲ್ಲಿ ಬರುತ್ತದೆ. ಆದರೆ ಹೊಲ ನೋಡದವರಿಗೆ ಇದು ತಿಳಿಯುತ್ತದೆಯೇ? ಹಳೇ ಮೈಸೂರಿನ ಆಚೆ, ಬಿಳಿಜೋಳದ ಕಡೆಯವರು ಏನನ್ನುತ್ತಾರೆ?

ಸೇರಿಸುವ ಇನ್ನೆರಡು ಬಗೆಗೆ ತೊಂದರೆ ಇಲ್ಲ. ಒಂದನ್ನು ಮುಗಿಸಿ ಇನ್ನೊಂದನ್ನು ಹಿಡಿಯುವುದಕ್ಕೆ ‘ಸರದಿ’ ಸಾಕು. ಬೆಳಿಗ್ಗೆ ಒಂದು, ಸಂಜೆ ಒಂದು ಮಾಡುವುದಕ್ಕೆ ಪಿ90ಎಕ್ಸ್‌ನಲ್ಲೇ ‘ಡಬಲ್ಸ್’ ಅನ್ನುವ ಪಟ್ಟಿಯಿದೆ. ಅದನ್ನು ‘ಎರಡು ಹೊತ್ತು’ ಎಂದು ಬರೆದಿದ್ದೇನೆ. ಅಕ್ಕ ಓದಿ, ‘ಊಟಾನೂ ಎರಡೇ ಹೊತ್ತಾ?’ ಅಂದಳು. ಇರಲಿ.

ನಿಜವಾಗಿ ತಲೆ ಕೆಡಿಸಿದ್ದು ‘ಇಂಟರ್ವಲ್’. ನಮಗೆ ಅದು ಸಿನಿಮಾದ ನಡುವಿನ ಬಿಡುವು, ಎದ್ದು ಹೋಗುವ ಹೊತ್ತು. ವ್ಯಾಯಾಮದವರಲ್ಲಿ ಎಷ್ಟೋ ಸಲ ಅದು ಬಿಡುವಲ್ಲ, ಜೋರಾಗಿ ಮಾಡುವ ಭಾಗವೇ. ಜಪಾನಿನ ಕ್ರೀಡಾವಿಜ್ಞಾನಿ ಇಜುಮಿ ತಬಾಟ ಅವರ ಹೆಸರಲ್ಲಿ ನಡೆಯುವ ಕ್ರಮದಲ್ಲಿ 20 ಸೆಕೆಂಡ್ ಬಿರುಸು, 10 ಸೆಕೆಂಡ್ ನಿಲುಗಡೆ, ಹೀಗೆ 8 ಸಲ. ಒಟ್ಟು 4 ನಿಮಿಷ. ಇನ್ಸ್ಯಾನಿಟಿಯಲ್ಲಿ ಬಿರುಸೇ ನಿಮಿಷಗಟ್ಟಲೆ ನಡೆಯುತ್ತದೆ, ಬಿಡುವು 30 ಸೆಕೆಂಡಿನಷ್ಟು. ನಾನು ‘ಬಿರುಸು-ಬಿಡುವು’ ಎಂದು ಜೋಡಿಸಿ ಬರೆದೆ. ಎರಡೂ ಭಾಗ ಹೆಸರಲ್ಲೇ ಬಂತು, ಅಲ್ವಾ?

‘ರಿಕವರಿ ವೀಕ್’ ಅನ್ನುವುದಕ್ಕೆ ಒಬ್ಬರು ‘ಚೇತರಿಕೆಯ ವಾರ’ ಎಂದು ಸೂಚಿಸಿದರು. ಆಸ್ಪತ್ರೆಯಿಂದ ಬಂದವರ ಹಾಗಿದೆ. ಆ ವಾರ ಮಲಗಿರುವುದೂ ಇಲ್ಲ. ಪಿ90ಎಕ್ಸ್‌ನ ನಾಲ್ಕನೇ ವಾರದಲ್ಲಿ ಎಂದಿನ ತೂಕದ ದಿನಗಳು ತಪ್ಪಿ ಯೋಗ, ಮೈ ಎಳೆಯುವುದು, ಕೆಂಪೊ ಇಂಥವು ಬರುತ್ತವೆ. ‘ಸ್ವಲ್ಪ ಸುಧಾರಿಸ್ಕೊಂಡು ಹೋಗಿ’ ಅನ್ನುತ್ತೇವಲ್ಲ, ಆ ಮಾತು ಇಲ್ಲಿಗೆ ಚೆನ್ನಾಗಿ ಕೂರುತ್ತದೆ. ಹಾಗಾಗಿ ಸೆಕೆಂಡುಗಳದ್ದು ಬಿಡುವು, ದಿನದ್ದು ರಜೆ, ವಾರದ್ದು ‘ಸುಧಾರಿಕೆ’. ‘ಸುಧಾರಣೆ’ ಆಗಬಾರದು, ಅದು ಸರ್ಕಾರದ ಕೆಲಸ.

‘ಮಸಲ್ ಕನ್‌ಫ್ಯೂಷನ್’ ಅನ್ನುವುದು ಪಿ90ಎಕ್ಸ್ ಮಾರಿದವರ ಘೋಷಣೆ. ‘ಸ್ನಾಯು ಗೊಂದಲ’ ಎಂದು ಬರೆಯಲು ಕೈ ಬರಲಿಲ್ಲ. ಸ್ನಾಯುವಿಗೆ ಗೊಂದಲವಾಗುವುದಿಲ್ಲ. ಮಾಡಿದ್ದನ್ನೇ ಮಾಡಿದರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ, ಒಗ್ಗದಂತೆ ಬದಲಿಸುತ್ತಿರಿ ಅನ್ನುವುದಷ್ಟೇ ಅದರ ಅರ್ಥ. ‘ಒಗ್ಗದ ಹಾಗೆ’ ಎಂದೇ ಹಾಕಿದ್ದೇನೆ.

ಉಳಿದದ್ದು ‘ಸೆಟ್’. ಹತ್ತು ದಂಡ ಹೊಡೆದು, ನಿಂತು, ಮತ್ತೆ ಹತ್ತು. ಆ ಒಂದೊಂದು ಹತ್ತಕ್ಕೆ ಏನನ್ನೋಣ? ‘ಸುತ್ತು’ ಎಂದರೆ, ಬೇರೆ ಬೇರೆ ವ್ಯಾಯಾಮಗಳನ್ನು ಒಂದರ ಹಿಂದೊಂದು ಮಾಡುವ ಸರ್ಕ್ಯೂಟ್‌ಗೆ ಪದ ಉಳಿಯುವುದಿಲ್ಲ. ‘ಕಂತು’ ಅರ್ಥಕ್ಕೆ ಸರಿ, ಕೇಳಿದರೆ ಸಾಲದ ನೆನಪು. ಗರಡಿಯಲ್ಲಿ ಸಾಮು ಮಾಡಿದವರು, ತಾಲೀಮಿಗೆ ಹೋದವರು, ಮನೆಯಲ್ಲಿ ಹಳೆಯ ಪೈಲ್ವಾನರಿದ್ದವರು ಇದನ್ನು ಓದುವವರಲ್ಲಿ ಯಾರಾದರೂ ಇದ್ದರೆ, ಉಸ್ತಾದರು ಅದಕ್ಕೆ ಏನಾದರೂ ಹೆಸರು ಹೇಳುತ್ತಿದ್ದರೇ ಎಂದು ದಯವಿಟ್ಟು ತಿಳಿಸಿ. ಇಲ್ಲದಿದ್ದರೆ ‘ಸೆಟ್’ ಎಂದೇ ಬರೆದು ಅಂಟಿಸುತ್ತೇನೆ.