ಅಪ್ಪನ ಜೊತೆ ಆಸ್ಪತ್ರೆಗೆ ಯಾರು ಹೋಗಬೇಕು? – ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಕಾರಟಗಿ ತಾಲ್ಲೂಕಿನ ಯುವತಿಯೊಬ್ಬರ ಪತ್ರ ಪ್ರಕಟವಾಗಿತ್ತು. ಎರಡೂ ಮೂತ್ರಪಿಂಡಗಳು ಕೈಕೊಟ್ಟಿರುವ ಅವರ ತಂದೆಗೆ ಎಡಗೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಎರಡು ರಕ್ತನಾಳಗಳನ್ನು ಕೂಡಿಸುವ) ಶಸ್ತ್ರಚಿಕಿತ್ಸೆಯಾಗಿ, ಗಾಯ ಮಾಗಿ, ಈಗ ವಾರಕ್ಕೆ ಮೂರು ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುತ್ತಿದೆ. ಪ್ರತಿ ಸಲವೂ ಜೊತೆಗೆ ಹೋಗುವವರು ಈ ಮಗಳೇ. ಬಿ.ಎಸ್ಸಿ. ಮುಗಿಸಿರುವ ಅವರಿಗೆ ಬಳ್ಳಾರಿಯಲ್ಲಿ ಬಿ.ಇಡಿ. ಸೀಟು ಸಿಕ್ಕಿದೆ. ‘ನಾನೊಬ್ಬನೇ ಹೋಗಿ ಬರುತ್ತೇನೆ, ನೀನು ಓದು’ ಎಂದು ತಂದೆ ಹೇಳುತ್ತಾರೆ, ತಾಯಿ ಒಪ್ಪುವುದಿಲ್ಲ, ಬೆಂಗಳೂರಿನಲ್ಲಿರುವ ಅಣ್ಣ ಹಣ ಕಳುಹಿಸುತ್ತಾರೆ. ‘ನಾನು ಹೊರಟರೆ ಅದು ಸ್ವಾರ್ಥವಾಗುತ್ತದೆಯೇ?’ ಎಂಬುದು ಅವರ ಪ್ರಶ್ನೆ.

ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತಿದ್ದೇವೆ. ನಾಟಿ ಔಷಧಿಯಿಂದ ಡಯಾಲಿಸಿಸ್ ಬಿಡಿಸುತ್ತೇವೆಂದು ವಿಳಾಸ ಸಹಿತ ಬರೆದವರ ಪತ್ರಗಳನ್ನು ಕೈಬಿಟ್ಟಿದ್ದೇವೆ.

*

ಹೆತ್ತವರ ಸೇವೆ ಮಾಡಬೇಕೋ ಬೇಡವೋ ಎಂದು ಪತ್ರಿಕೆಗೆ ಬರೆದು ಕೇಳುವ ಕಾಲ ಬಂತಲ್ಲ ಎಂದು ಬೇಸರವಾಯಿತು. ಓದು ಮುಂದಿನ ವರ್ಷವೂ ಇರುತ್ತದೆ. ಅಪ್ಪ ಇರುತ್ತಾರೆಯೇ?

– ಓದುಗರೊಬ್ಬರು, ಮಾನ್ವಿ

*

ಇದೇ ಧಾಟಿಯ ಪತ್ರಗಳು ಇನ್ನೂ ಕೆಲವು ಬಂದಿವೆ. ತಮ್ಮ ಮನೆಯಲ್ಲಿ ಕಾಯಿಲೆಯವರ ಜೊತೆ ಆಸ್ಪತ್ರೆಗೆ ಹೋಗುತ್ತಿದ್ದವರು ಯಾರು ಎಂಬುದನ್ನು ಅವುಗಳಲ್ಲಿ ಯಾರೂ ಬರೆದಿಲ್ಲ. ಮುಂದಿನ ಪತ್ರ ಉದ್ದವಾಗಿದ್ದರೂ ಹೆಚ್ಚು ಕತ್ತರಿಸದೆ ಕೊಟ್ಟಿದ್ದೇವೆ.

*

ತಂಗಿ, ನಿನ್ನ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಅವ್ವನಿಗೆ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋದಾಗ ನಾನು ಪಿಯುಸಿ ಮುಗಿಸಿ ಶಿಕ್ಷಕರ ತರಬೇತಿಗೆ, ಟಿ.ಸಿ.ಎಚ್.ಗೆ, ಅರ್ಜಿ ಹಾಕಿದ್ದೆ. ಆಗ ನಮ್ಮ ತಾಲ್ಲೂಕಿನಲ್ಲಿ ಡಯಾಲಿಸಿಸ್ ಯಂತ್ರ ಇರಲಿಲ್ಲ, ಬಳ್ಳಾರಿಗೇ ಹೋಗಬೇಕಾಗಿತ್ತು. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾಯಿತೆಂದರೆ ಮನೆಯ ಗಂಡಸರಿಗೆ ಬಿಡುವಿರುತ್ತಿರಲಿಲ್ಲ; ನಾಟಿ ಮುಗಿದ ಮೇಲೂ ಅವರಿಗೆ ಬಿಡುವಾಗಲಿಲ್ಲ. ‘ಇವಳು ಹೇಗೂ ಮನೆಯಲ್ಲೇ ಇದ್ದಾಳಲ್ಲ’ ಎಂದು ದೊಡ್ಡಣ್ಣ ಊಟ ಮಾಡುತ್ತಾ ಒಂದು ಮಾತು ಅಂದ, ಅಪ್ಪ ಏನೂ ಅನ್ನಲಿಲ್ಲ, ಅಲ್ಲಿಗೆ ನನ್ನ ಓದಿನ ವಿಷಯ ಮುಗಿಯಿತು. ಯಾರೂ ಕುಳಿತು ತೀರ್ಮಾನಿಸಿದ್ದಲ್ಲವಾದ್ದರಿಂದ ನಾನು ಯಾರೊಡನೆಯೂ ಜಗಳ ಆಡುವಂತಿರಲಿಲ್ಲ.

ನಿನಗೂ ಈಗ ಗೊತ್ತಿರುತ್ತದೆ, ಈ ಕಾಯಿಲೆಯಲ್ಲಿ ಸೂಜಿಗಿಂತ ಕಷ್ಟವಾದದ್ದು ನೀರು. ಹಿಂದಿನ ದಿನ ಹೋದ ಮೂತ್ರದ ಅಳತೆಗೆ ಅರ್ಧ ಲೀಟರ್ ಸೇರಿಸಿ ಅಷ್ಟರಲ್ಲೇ ದಿನ ಕಳೆಯಬೇಕು ಎಂದು ಡಾಕ್ಟರು ಹೇಳಿದ್ದರು. ಚಹಾ, ಸಾರು, ಮಜ್ಜಿಗೆ ಎಲ್ಲವೂ ಅದರಲ್ಲೇ ಲೆಕ್ಕ. ನಮ್ಮ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಅವ್ವ ನನ್ನ ಕಣ್ಣು ತಪ್ಪಿಸಿ, ಸೆರಗಿನ ತುದಿಯನ್ನು ಕೊಡದಲ್ಲಿ ಅದ್ದಿ ತುಟಿಗೆ ಒತ್ತಿಕೊಳ್ಳುತ್ತಿದ್ದಳು. ನಾನು ನೋಡಿಯೂ ನೋಡದವಳಂತೆ ಒಲೆಯ ಕಡೆಗೆ ತಿರುಗಿ ಕೂರುತ್ತಿದ್ದೆ. ಯಾವಾಗಲೂ ಒಬ್ಬಳೇ ಜೊತೆಗಿದ್ದರೆ ಮಗಳು ಹೋಗಿ ಕಾವಲಿನವಳು ಉಳಿಯುತ್ತಾಳೆ. ಆಕೆಗೂ ನನ್ನನ್ನು ಕಂಡರೆ ಅಂಜಿಕೆ, ನನಗೂ ಆಕೆಯನ್ನು ಕಂಡರೆ ಸಿಟ್ಟು. ಹಬ್ಬಕ್ಕೆ ಬರುತ್ತಿದ್ದ ಅಣ್ಣಂದಿರು ಒಂದು ಎಳನೀರು ಕೊಚ್ಚಿ ಕೊಡೋಣವೇ ಎಂದಾಗ, ಅದರಲ್ಲಿ ಪೊಟ್ಯಾಸಿಯಂ ಇದೆ, ಎದೆಬಡಿತ ತಪ್ಪುತ್ತದೆ ಎಂದು ನಾನು ತಡೆದರೆ, ‘ನಿನ್ನದೇ ಕಾರುಬಾರು’ ಎನ್ನುತ್ತಿದ್ದರು. ಆಕೆಯ ಒಡನಾಟದ ಕೊನೆಯ ವರ್ಷಗಳು ನನಗೆ ಹಾಗೆ ಹೋದವು.

ಅವ್ವ ತೀರಿಕೊಂಡ ಮೇಲೆ ನನಗೆ ಮದುವೆಯಾಯಿತು, ಮಕ್ಕಳಾದವು, ಇವತ್ತು ಉಣ್ಣಲು ಉಡಲು ಕೊರತೆಯಿಲ್ಲ. ಆದರೆ ನಮ್ಮೂರ ಶಾಲೆಗೆ ಹೊಸ ಟೀಚರು ಬಂದಾಗಲೆಲ್ಲ ನಾನು ಅವರ ಮುಖ ನೋಡಿ ಮಾತನಾಡಲಾರೆ. ಓದು ಬಿಟ್ಟದ್ದನ್ನು ಹೇಗೋ ತಾಳಿಕೊಳ್ಳಬಹುದಿತ್ತು, ‘ಬಿಡುತ್ತೀಯಾ ಮಗಳೇ’ ಎಂದು ಯಾರಾದರೂ ಒಮ್ಮೆ ಕೇಳಿದ್ದರೆ. ನಿನ್ನ ಅಪ್ಪ ಕೇಳುವುದಷ್ಟೇ ಅಲ್ಲ, ‘ಓದು’ ಎಂದೇ ಹೇಳುತ್ತಿದ್ದಾರೆ. ನೀನು ಅಣ್ಣನಿಗೆ ಹಣದ ವಿಷಯ ಬಿಟ್ಟು ದಿನಗಳ ವಿಷಯ ಕೇಳು. ನೀನು ಕಾಲೇಜಿಗೆ ಸೇರುವ ಮೊದಲ ಎರಡು ವಾರ ರಜೆ ಹಾಕಿ ಊರಿಗೆ ಬಂದು, ಅಪ್ಪ ಒಬ್ಬರೇ ಹೇಗೆ ಹೋಗಿಬರುತ್ತಾರೆ ಎಂದು ಹಿಂದಿನಿಂದ ನೋಡಿಕೊಳ್ಳಲಿ.

– ಗೃಹಿಣಿ, ಸಿರುಗುಪ್ಪ ತಾಲ್ಲೂಕು

*

ಎಲ್ಲರೂ ಊರಿನಿಂದ ದೂರವಿರುವ ಗಂಡುಮಕ್ಕಳನ್ನೇ ಬೈಯುತ್ತಾರೆ. ರಕ್ತ ಹೆಚ್ಚಿಸುವ ಎರಿತ್ರೊಪೊಯೆಟಿನ್ ಇಂಜೆಕ್ಷನ್, ರಂಜಕದ (ಫಾಸ್ಫರಸ್) ಹತೋಟಿಯ ಮಾತ್ರೆ, ತಿಂಗಳ ರಕ್ತಪರೀಕ್ಷೆ, ಇವೆಲ್ಲ ಎಷ್ಟೋ ಸಲ ಹೊರಗೇ ಆಗಬೇಕಾಗುತ್ತದೆ; ಆ ಬಿಲ್ಲು ಯಾರದೋ ಸಂಬಳದಿಂದಲೇ ಕಟ್ಟಬೇಕು. ಆ ಅಣ್ಣನನ್ನು ತಂಗಿ ಬಾಯಿಬಿಟ್ಟು ಕೇಳಿದ್ದಾರೆಯೇ?

– ಮೂಲತಃ ಲಿಂಗಸುಗೂರಿನವರು, ಈಗ ಬೆಂಗಳೂರು

*

ಅಣ್ಣನನ್ನು ಕೇಳಿದ್ದಾರೆಯೇ ಎಂಬುದು ಯುವತಿಯ ಪತ್ರದಲ್ಲಿ ಇರಲಿಲ್ಲ. ಈ ಸಂಚಿಕೆಯನ್ನು ಅವರ ಅಣ್ಣನೂ ಓದುತ್ತಾರೆಂದು ನಂಬಿದ್ದೇವೆ.

ತಂದೆ ಒಬ್ಬರೇ ಹೋಗಿಬರುವುದು ಸಾಧ್ಯವೇ ಎಂಬ ಪ್ರಶ್ನೆಗೆ ನೇರವಾಗಿ ಉತ್ತರಿಸಿದವರು ಡಯಾಲಿಸಿಸ್ ಘಟಕವೊಂದರಲ್ಲಿ ಕೆಲಸ ಮಾಡುವ ಓದುಗರು.

*

ನಮ್ಮ ಘಟಕಕ್ಕೆ ಒಬ್ಬರೇ ಬಂದು ಹೋಗುವವರು ಇದ್ದಾರೆ. ಎಲ್ಲರಿಗೂ ಅದು ಆಗುವುದಿಲ್ಲ. ತಾವೇ ನಡೆಯಬಲ್ಲವರು, ಯಂತ್ರದ ಮೇಲಿರುವಾಗ ಪದೇಪದೇ ರಕ್ತದೊತ್ತಡ ಕುಸಿಯದವರು, ಎರಡು ಸರದಿಗಳ ನಡುವೆ ತೂಕ ಅತಿಯಾಗಿ ಏರದಂತೆ ನೀರನ್ನು ಹಿಡಿತದಲ್ಲಿಡುವವರು ಬರಬಹುದು. ಆದರೆ ಆ ಮಾತನ್ನು ಅವರನ್ನು ನೋಡುವ ವೈದ್ಯರೇ ಹೇಳಬೇಕು. ಒಬ್ಬರೇ ಬಂದಿದ್ದರೆ ಸೂಜಿ ಹಾಕುವ ಮೊದಲೇ ಸಿಸ್ಟರ್‌ಗೆ ತಿಳಿಸಬೇಕು. ನಾಲ್ಕು ಗಂಟೆ ಮುಗಿದ ಕೂಡಲೇ ಬಸ್ಸಿಗೆ ಓಡಬಾರದು. ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಕೊಟ್ಟಿರುತ್ತೇವಾದ್ದರಿಂದ ಸೂಜಿಯ ಜಾಗದಲ್ಲಿ ರಕ್ತ ಪೂರ್ತಿ ನಿಂತಿದೆಯೇ, ಎದ್ದು ನಿಂತಾಗ ತಲೆ ಸುತ್ತುತ್ತದೆಯೇ ಎಂದು ಅರ್ಧ ಗಂಟೆ ಕುಳಿತು ನೋಡಿಕೊಂಡು ಹೊರಡಬೇಕು. ದಾರಿಯಲ್ಲಿ ಮತ್ತೆ ರಕ್ತ ಬಂದರೆ ಆ ಜಾಗದ ಮೇಲೆಯೇ ಬೆರಳಿನಿಂದ ಒತ್ತಿ ಹಿಡಿದು ಕೈ ಮೇಲೆತ್ತಬೇಕು, ನಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಬಹಳ ಜನ ಗಾಬರಿಯಲ್ಲಿ ತೋಳಿನ ಸುತ್ತ ಟವೆಲ್ ಬಿಗಿದು ಕಟ್ಟುತ್ತಾರೆ. ರಕ್ತದ ಓಟ ನಿಂತು ಫಿಸ್ಟುಲಾ ಮುಚ್ಚಿಹೋದರೆ ಮತ್ತೆ ಆಪರೇಷನ್.

ಆ ಕೈಯಲ್ಲಿ ಗಡಿಯಾರ, ಚೀಲ, ಬಿ.ಪಿ. ಪಟ್ಟಿ, ರಕ್ತ ತೆಗೆಯುವ ಸೂಜಿ ಯಾವುದೂ ಬೇಡ, ತಲೆಗಿಟ್ಟು ಮಲಗುವುದೂ ಬೇಡ. ದಿನಾ ಬೆಳಿಗ್ಗೆ ಹೊಲಿಗೆಯ ಜಾಗದ ಮೇಲೆ ಬೆರಳಿಟ್ಟರೆ ಗುಂಯ್ ಎನ್ನುವ ಮಿಡಿತ ಸಿಗಬೇಕು. ಸಿಗದಿದ್ದರೆ ಮುಂದಿನ ಸರದಿಯವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಬರಬೇಕು. ಜೇಬಿನಲ್ಲಿ ಒಂದು ಚೀಟಿ: ರಕ್ತದ ಗುಂಪು, ಡ್ರೈ ವೇಟ್ (ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ), ನುಂಗುವ ಮಾತ್ರೆಗಳು, ಮನೆಯವರ ನಂಬರು. ಇನ್ನೊಂದು ಮಾತನ್ನು ಮಗಳಿಗಿಂತ ಆ ತಾಯಿಗೆ ಹೇಳುತ್ತೇನೆ. ಜೊತೆಗೆ ಬಂದವರು ನಾಲ್ಕು ಗಂಟೆಯೂ ಹೊರಗೆ ಕಾರಿಡಾರಿನಲ್ಲೇ ಕೂರುತ್ತಾರೆ. ಒಳಗೆ ರೋಗಿಯನ್ನು ನೋಡಿಕೊಳ್ಳುವವರು ನಾವೇ.

– ಡಯಾಲಿಸಿಸ್ ಟೆಕ್ನಿಷಿಯನ್, ರಾಯಚೂರು

*

ಮಗಳು ಹೋಗಬೇಕೋ ಬೇಡವೋ ಎಂಬುದಕ್ಕಿಂತ, ವಾರಕ್ಕೆ ಮೂರು ಸಲದ ಈ ಓಡಾಟವೇ ತಪ್ಪುವ ದಾರಿಯನ್ನು ಏಕೆ ಯಾರೂ ನೋಡುತ್ತಿಲ್ಲ? 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು ಹತ್ತಿರದ ಸಂಬಂಧಿಗಳಾಗಿ ಮೂತ್ರಪಿಂಡ ನೀಡಬಹುದು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿದೆ. ಮನೆಯಲ್ಲಿ ಹೊಂದುವ ದಾನಿ ಇಲ್ಲದಿದ್ದರೆ, ಕಸಿಗೆ ಮಾನ್ಯತೆ ಪಡೆದ ಆಸ್ಪತ್ರೆಯ ಮೂಲಕ ಮೃತರು ದಾನ ಮಾಡಿದ ಅಂಗಾಂಗಕ್ಕಾಗಿ ಕಾಯುವವರ, ರಾಜ್ಯದ ‘ಜೀವಸಾರ್ಥಕತೆ’ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಕಸಿಯಾದ ಮೇಲೂ ಜೀವನಪರ್ಯಂತ ಮಾತ್ರೆ ನುಂಗಬೇಕೆಂಬುದನ್ನು ಮರೆಯಬಾರದು. ಆ ತಾಯಿಯವರ ರಕ್ತದ ಗುಂಪು ಯಾವುದು?

– ನಿವೃತ್ತ ನೌಕರ, ಬಳ್ಳಾರಿ

*

ಉಪಯುಕ್ತ ಮಾಹಿತಿ, ವೈದ್ಯರೊಡನೆ ಮಾತನಾಡುವಾಗ ನೆರವಾದೀತು. ಮೂತ್ರಪಿಂಡ ನೀಡುವುದು ಆ ತಾಯಿ ತಾವಾಗಿಯೇ ತೀರ್ಮಾನಿಸಬೇಕಾದ ವಿಷಯವಾದ್ದರಿಂದ ಕೊನೆಯ ಪ್ರಶ್ನೆಯನ್ನು ಇಲ್ಲಿಗೇ ಬಿಡೋಣ.

ಕೊನೆಯ ಪತ್ರ, ತಂದೆಯ ಸ್ಥಾನದಲ್ಲಿರುವವರದು.

*

ನಾನು ಮೂರು ಮಕ್ಕಳ ತಂದೆ, ಡಯಾಲಿಸಿಸ್ ರೋಗಿ. ಮೊದಮೊದಲು ನನ್ನ ಜೊತೆಗೂ ಮಗಳೇ ಬರುತ್ತಿದ್ದಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಮನೆಯಲ್ಲಿ ಬೇರೆ ಯೋಚನೆಯೇ ಉಳಿಯಲಿಲ್ಲ: ಮಗ ಬಂದರೆ ಎರಡು ಟಿಕೆಟ್, ಮಗಳು ಬಂದರೆ ಒಂದೇ. ಅವಳ ಟಿಕೆಟ್ಟಿಗೆ ದುಡ್ಡಿಲ್ಲವೆಂದು ಅವಳ ದಿನಕ್ಕೂ ಬೆಲೆಯಿಲ್ಲ ಎಂಬಂತೆ ನಡೆದುಕೊಂಡೆವು. ಕಾರಿಡಾರಿನಲ್ಲಿ ಅವಳು ಪುಸ್ತಕ ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ತೂಕಡಿಸುವುದನ್ನು ಕಂಡು, ಡಾಕ್ಟರನ್ನು ಕೇಳಿ, ಒಬ್ಬನೇ ಹೋಗತೊಡಗಿದೆ.

ಇದರಿಂದ ನನಗೇ ಲಾಭವಾಯಿತು. ಜೊತೆಗೆ ಮಗಳಿದ್ದಾಗ ಸಿಸ್ಟರ್ ಅವಳೊಡನೆ ಮಾತನಾಡುತ್ತಿದ್ದರು, ಡಾಕ್ಟರು ಅವಳೊಡನೆ ಮಾತನಾಡುತ್ತಿದ್ದರು, ನನ್ನ ತೂಕ ಎಷ್ಟೆಂದು ನನಗೇ ಗೊತ್ತಿರಲಿಲ್ಲ. ಈಗ ತೂಕದ ಯಂತ್ರದ ಮೇಲೆ ನಾನೇ ಹತ್ತಿ, ನಾನೇ ಓದಿ, ವಹಿಯಲ್ಲಿ ನಾನೇ ಬರೆದುಕೊಳ್ಳುತ್ತೇನೆ. ಶೇಂಗಾ ಚಟ್ನಿಯನ್ನು, ಉಪ್ಪಿನಕಾಯಿಯನ್ನು ಯಾರೂ ಹೇಳದೆ ಬದಿಗೆ ಸರಿಸುತ್ತೇನೆ. ಪಕ್ಕದ ಹಾಸಿಗೆಯವರು, ಎದುರಿನ ಹಾಸಿಗೆಯವರು ಒಂದೇ ಸರದಿಯವರಾದ್ದರಿಂದ, ಒಬ್ಬರು ಬರದಿದ್ದರೆ ಉಳಿದವರು ಫೋನ್ ಮಾಡಿ ವಿಚಾರಿಸುತ್ತೇವೆ. ಜಾತ್ರೆ, ಮದುವೆ ಎಂದು ಸರದಿ ತಪ್ಪಿಸುವವರನ್ನು ನಾವೇ ಬೈಯುತ್ತೇವೆ. ಮನೆಯವರು ಬೈದರೆ ಕೇಳದವರು ನಮ್ಮ ಮಾತು ಕೇಳುತ್ತಾರೆ.

ನಿಮ್ಮ ತಾಯಿಯವರ ಹೆದರಿಕೆ ಸುಳ್ಳಲ್ಲ. ಅವರನ್ನು ಒಂದು ದಿನ ನಿಮ್ಮ ಬದಲು ಕಳುಹಿಸಿ ನೋಡಿ. ನನ್ನ ಹೆಂಡತಿ ಯಂತ್ರವನ್ನು ಕಣ್ಣಾರೆ ಕಂಡಿರಲಿಲ್ಲವಾದ್ದರಿಂದ ಮನೆಯಲ್ಲಿ ಕುಳಿತು ಏನೇನೋ ಕಲ್ಪಿಸಿಕೊಳ್ಳುತ್ತಿದ್ದಳು. ಬಂದು, ನಾನು ಟಿ.ವಿ. ನೋಡುತ್ತಾ ಮಲಗಿದ್ದನ್ನು ಕಂಡು, ‘ಇಷ್ಟಕ್ಕೇನಾ’ ಎಂದು ನನ್ನ ಮೇಲೆಯೇ ರೇಗಿದಳು. ಈಗ ಬೇಸಿಗೆಯಲ್ಲಿ ಮಾತ್ರ, ಬಸ್ ನಿಲ್ದಾಣದವರೆಗೆ ಕೊಡೆ ಹಿಡಿದುಕೊಂಡು ಬರುತ್ತಾಳೆ. ಮುಂದಿನದು ನನಗೆ ಬಿಟ್ಟದ್ದು.

– ಓದುಗ, ಕೊಪ್ಪಳ

*

ಪ್ರವೇಶ ಶುಲ್ಕ ಕಟ್ಟಲು ಈ ತಿಂಗಳ ಕೊನೆಯವರೆಗೆ ಮಾತ್ರ ಅವಕಾಶವಿದೆ ಎಂದು ಆ ಯುವತಿ ಬರೆದಿದ್ದರು. ಆದ್ದರಿಂದ ಟೆಕ್ನಿಷಿಯನ್ ಅವರ ಪತ್ರ ಮತ್ತು ಕೊಪ್ಪಳದ ಓದುಗರ ಪತ್ರದ ಪ್ರತಿಗಳನ್ನು, ಸಂಚಿಕೆ ಅಚ್ಚಿಗೆ ಹೋಗುವ ಮೊದಲೇ, ಅವರ ತಂದೆಯ ಹೆಸರಿಗೆ ಅಂಚೆಯಲ್ಲಿ ಕಳುಹಿಸಿದ್ದೇವೆ.

– ಸಂ.