ಹೈಡಾಸ್ಪಿಸ್ ಆಟ: ಪೋರಸನ ಆನೆಗಳೆದುರು ಈಟಿಪಡೆ ನಿಲ್ಲುತ್ತಿಲ್ಲ

ಪ್ರಶ್ನೆ: ಡಿಬಿಎ (ಪ್ರಾಚೀನ ಯುದ್ಧಗಳನ್ನು ಗೊಂಬೆಗಳಿಂದ ಮೇಜಿನ ಮೇಲೆ ಆಡುವ ಆಟ) ನಿಯಮ, 15 ಎಂಎಂ ಗೊಂಬೆಗಳು, ಎರಡೂ ಕಡೆ 12 ತುಕಡಿ. ಕ್ರಿ.ಪೂ. 326ರಲ್ಲಿ ಹೈಡಾಸ್ಪಿಸ್ (ಝೇಲಂ) ನದಿಯ ಬಳಿ ಅಲೆಕ್ಸಾಂಡರ್–ಪೋರಸ್ ನಡುವಿನ ಕಾಳಗ. ಅಲೆಕ್ಸಾಂಡರನ ಉದ್ದೀಟಿಯವರನ್ನು ಒಂದೇ ಸಾಲಲ್ಲಿ ಹರಡಿದರೆ ಆನೆಗಳು ಸೀಳಿಬಿಡುತ್ತವೆ. ಏನು ಮಾಡಲಿ?

ಉತ್ತರ 1: ಒಂದೇ ಸಾಲು ಮಾಡಿದ್ದೇ ತಪ್ಪು. ಒಂದರ ಹಿಂದೊಂದು ನಿಲ್ಲಿಸಿ, ಹಿಂದಿನವರ ಬಲ ಮುಂದಿನವರಿಗೆ ಕೂಡುತ್ತದೆ. ಆದರೆ ಸಮತಟ್ಟು ನೆಲದಲ್ಲಿ ಮಾತ್ರ. ಕಾಡಿಗೆ ಹೊಕ್ಕರೆ ಅದೂ ಇಲ್ಲ.

ಉತ್ತರ 2: ಆನೆಗೆ ಮದ್ದು ಸೈಲಾಯ್, ಅಂದರೆ ಕವಣೆ, ಎಸೆಯೀಟಿ ಹಿಡಿದ ಹಗುರ ಕಾಲಾಳು. ಇವರ ಅಂಕ ಒಂದೇ ಒಂದು ಹೆಚ್ಚಾದರೂ ಆನೆ ಸತ್ತಂತೆ! ಹಿಮ್ಮೆಟ್ಟುವ ಆನೆ ತನ್ನವರನ್ನೇ ತುಳಿಯುತ್ತದೆ, ಎದುರಾಳಿಗೆ ಅದೂ ನಷ್ಟ.

ಉತ್ತರ 3: ಜೊತೆಗೆ, ಗೊಂಬೆಯ ಜೊತೆಗೇ ಬರುವ ಎರಕದ ಈಟಿ ಕೈ ತಗುಲಿದರೆ ಬಾಗುತ್ತದೆ. ಗೊಂಬೆಯ ಮುಷ್ಟಿಯನ್ನು 0.6 ಎಂಎಂ ಡ್ರಿಲ್ಲಿನಿಂದ ಕೊರೆದು, 0.5ರ ಸ್ಟೀಲ್ ತಂತಿಯನ್ನು 50 ಎಂಎಂ ಕತ್ತರಿಸಿ ಸೂಪರ್ ಗ್ಲೂನಿಂದ ಕೂರಿಸಿ. ಈ ಗೊಂಬೆಗಳ ಅಳತೆಯಲ್ಲಿ ಅದು ನಿಜವಾದ ಸರಿಸ್ಸಾದ (ಅಲೆಕ್ಸಾಂಡರನ ಪಡೆಯ ಉದ್ದೀಟಿ) ಸುಮಾರು 5.5 ಮೀಟರ್‌ಗೆ ಸರಿಹೊಂದುತ್ತದೆ.