ಹಳೆ ಮಾರುತಿ 800ಕ್ಕೆ ತುಕ್ಕು: ಪುಟ್ಟಿ ಸಾಕಾ, ತಗಡು ಕತ್ತರಿಸಬೇಕಾ?

ಪ್ರಶ್ನೆ (ಕುಂದಾಪುರದಿಂದ): ಅಣ್ಣಾ, ನಮ್ಮದು 2006ರ ಮಾರುತಿ 800. ಅಪ್ಪ ತೆಗೆದುಕೊಂಡ ಕಾರು, ಕೊಡಲು ಮನಸ್ಸಿಲ್ಲ. ಮನೆಯಿಂದ ಸಮುದ್ರಕ್ಕೆ ಒಂದೇ ಕಿಲೋಮೀಟರ್. ಎಡಗಡೆ ಮುಂದಿನ ಫೆಂಡರ್ (ಚಕ್ರದ ಮೇಲಿನ ತಗಡು) ಕೆಳಗೆ ಪೇಂಟ್ ಗುಳ್ಳೆ ಎದ್ದಿದೆ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿನಲ್ಲಿ (ಹೊಸ್ತಿಲಿನಂಥ ಬಾಡಿ ಭಾಗ) ಹೆಬ್ಬೆರಳು ಹೋಗುವಷ್ಟು ತೂತಾಗಿದೆ. ಎರಡು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಪುಟ್ಟಿ ಹಾಕಿಸಿ ಪೇಂಟ್ ಹೊಡೆಸಿದ್ದೆ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಬಂತು. ಇಂಜಿನ್ ಚೆನ್ನಾಗಿದೆ. ಆರ್‌ಸಿ ರಿನೀವಲ್ ಹತ್ತಿರ ಬಂತು. ಮತ್ತೆ ಪುಟ್ಟಿ ಹಾಕಿಸಿದರೆ ಸಾಕಾ?

ಉತ್ತರ (ಟಿಂಕರಿಂಗ್, ಅಂದರೆ ಕಾರಿನ ಬಾಡಿ ತಗಡಿನ ಕೆಲಸದವರು, ಉಡುಪಿ): ಬೇಡ ಮಾರಾಯ್ರೇ, ಮತ್ತೆ ದುಡ್ಡು ನೀರಿಗೆ ಹಾಕಬೇಡಿ. ಈ ತುಕ್ಕು ಒಳಗಿಂದ ಬಂದದ್ದು. ನಿಮಗೆ ಹೊರಗೆ ಗುಳ್ಳೆ ಕಾಣುವಾಗ ಒಳಗೆ ತಗಡು ಅರ್ಧ ಹೋಗಿರುತ್ತದೆ. ಕಬ್ಬಿಣ ತುಕ್ಕಾದರೆ ಉಬ್ಬಿ ಮೊದಲಿಗಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಅದೇ ಪುಟ್ಟಿಯನ್ನು ಕೆಳಗಿಂದ ಎತ್ತುವುದು. ಮತ್ತೆ ಪುಟ್ಟಿ ನೀರು ಹೀರುತ್ತದೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತುವುದು ಒದ್ದೆ ಬಟ್ಟೆ ಸುತ್ತಿ ಇಟ್ಟ ಹಾಗೆ. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪು ಬೇರೆ ಇದೆ. ಉಪ್ಪು ಸೇರಿದರೆ ತುಕ್ಕು ಬೇಗ ಓಡುತ್ತದೆ.

ಫೆಂಡರ್ ಬಗ್ಗೆ ತಲೆಬಿಸಿ ಬೇಡ. ಅದು ಬೋಲ್ಟಿನಲ್ಲಿ ಕೂರುವ ಭಾಗ. ಬಿಚ್ಚಿ ಬೇರೆ ಹಾಕಿಸಿ. ಹಳೆಯದಕ್ಕೆ ತೇಪೆ ಹಾಕುವ ಕೂಲಿಗಿಂತ ಅದೇ ಒಳ್ಳೆಯದು. ಹೊಸ ಫೆಂಡರಿನ ಒಳಮೈಗೂ ಪೇಂಟ್ ಆಗಬೇಕು, ಅದನ್ನು ಮಾತ್ರ ಮರೆಯಬೇಡಿ.

ರನ್ನಿಂಗ್ ಬೋರ್ಡ್ ಕಥೆ ಬೇರೆ. ಈ ಕಾರಿಗೆ ಜೀಪಿನ ಹಾಗೆ ಬೇರೆ ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು) ಇಲ್ಲ. ಬಾಡಿಯೇ ಭಾರ ಹೊರುವುದು, ಅದರಲ್ಲಿ ರನ್ನಿಂಗ್ ಬೋರ್ಡಿನ ಪಾಲು ದೊಡ್ಡದು. ಪಕ್ಕದಿಂದ ಗಾಡಿ ಗುದ್ದಿದರೆ ಒಳಗೆ ಕೂತವರನ್ನು ಕಾಯುವುದೂ ಅದೇ. ಅಲ್ಲಿಗೆ ಫೈಬರ್ ಬಟ್ಟೆ, ರಿವೆಟ್ ಹೊಡೆದ ತಗಡು ಯಾವುದೂ ಆಗದು. ಸ್ಕ್ರೂಡ್ರೈವರ್ ಹಿಡಿದು ತೂತಿನ ಸುತ್ತ ಒತ್ತುತ್ತಾ ಹೋಗಬೇಕು. ಮೆತ್ತಗೆ ಒಳಗೆ ಹೋದಲ್ಲೆಲ್ಲ ತಗಡು ಸತ್ತಿದೆ. ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಬೇಕು. ಹೆಬ್ಬೆರಳಿನಷ್ಟಿದ್ದ ತೂತು ಅಂಗೈಯಷ್ಟಾದರೆ ಹೆದರಬೇಡಿ. ಆಮೇಲೆ 20 ಗೇಜ್ ತಗಡನ್ನು ಅದೇ ಆಕಾರಕ್ಕೆ ಬಡಿದು ಸಿಒ2 ವೆಲ್ಡಿಂಗಿನಲ್ಲಿ (ತಂತಿ ಕರಗಿಸಿ ಬೆಸೆಯುವ ಕರೆಂಟಿನ ವೆಲ್ಡಿಂಗ್) ಕೂರಿಸುವುದು. ಒಂದೇ ಕಡೆಯಿಂದ ಎಳೆಯಬಾರದು. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟು, ತಣ್ಣಗಾಗಲು ಬಿಟ್ಟು ಮುಂದುವರಿಯಬೇಕು. ಗ್ಯಾಸ್ ವೆಲ್ಡಿಂಗ್ ಶಾಖಕ್ಕೆ ತೆಳು ತಗಡು ಡೊಂಕಾಗುತ್ತದೆ.

ವೆಲ್ಡಿಂಗ್ ಆದಲ್ಲಿ ಒಳಗಡೆಯ ಪೇಂಟ್ ಸುಟ್ಟಿರುತ್ತದೆ. ಹೆಚ್ಚಿನವರು ಬಿಡುವುದು ಅದನ್ನೇ. ಹೊರಗೆ ಎಪಾಕ್ಸಿ ಪ್ರೈಮರ್ (ಪೇಂಟಿಗೆ ಮೊದಲು ಹೊಡೆಯುವ ಕೋಟ್) ಹೊಡೆದು, ಜೋಡಣೆಗೆ ಸೀಲರ್ ಹಾಕಿ. ಒಳಗಿನ ಪೊಳ್ಳಿಗೆ ಉದ್ದ ಪೈಪಿನಲ್ಲಿ ಮೇಣದ ಸ್ಪ್ರೇ ಬಿಡಿಸಿ. ಅದಿಲ್ಲದಿದ್ದರೆ ಮೂರು ವರ್ಷಕ್ಕೆ ಮತ್ತೆ ನನ್ನ ಹತ್ತಿರ ಬರುತ್ತೀರಿ.

ಬಿಚ್ಚಿ ನೋಡದೆ ರೇಟ್ ಹೇಳುವವರಿಗೆ ಕೆಲಸ ಕೊಡಬೇಡಿ. ಕತ್ತರಿಸಿದ ಮೇಲೆ ಒಂದು ಫೋಟೋ, ಪ್ರೈಮರ್‌ಗೆ ಮೊದಲು ಒಂದು ಫೋಟೋ ಕೇಳಿ. ಸರಿಯಾಗಿ ಕೆಲಸ ಮಾಡುವವರು ಖುಷಿಯಿಂದ ಕಳಿಸುತ್ತಾರೆ.

ಪ್ರಶ್ನೆ (ಸುರತ್ಕಲ್‌ನಿಂದ): ನನ್ನ ಕಾರಿನ ಬಾಗಿಲ ಕೆಳಗೆ ಕಡಲೆಕಾಳಿನಷ್ಟು ಮೂರು ಗುಳ್ಳೆ ಇವೆ. ಮನೆಯಲ್ಲೇ ಮಾಡಿಕೊಳ್ಳಬಹುದಾ ಅಣ್ಣಾ?

ಉತ್ತರ: ಖಂಡಿತ ಮಾಡಬಹುದು ಅಕ್ಕ, ತೂತು ಬೀಳದಿದ್ದರೆ. ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. 80 ನಂಬರ್ ಎಮರಿ ಪೇಪರಿನಲ್ಲಿ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ. ಗುಳಿಯಲ್ಲಿ ಕಪ್ಪು ಚುಕ್ಕೆ ಉಳಿದರೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರ ಮಾಡುವ ದ್ರಾವಣ) ಹಚ್ಚಿ, ಡಬ್ಬಿಯ ಮೇಲೆ ಬರೆದ ಹಾಗೆ ಒಣಗಿಸಿ. ಅದೇ ದಿನ ಪ್ರೈಮರ್ ಹಚ್ಚಬೇಕು. ಬರೀ ತಗಡನ್ನು ಒಂದು ರಾತ್ರಿ ಬಿಟ್ಟರೂ ನಮ್ಮಲ್ಲಿ ಕೆಂಪಾಗುತ್ತದೆ. ಪುಟ್ಟಿ ಪ್ರೈಮರ್ ಮೇಲೆ ತೆಳ್ಳಗೆ ಸಾಕು, ಅದನ್ನು ನೀರು ಹಾಕದೆ ಒಣಗಿಯೇ ಉಜ್ಜಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸ ಬೇಡ, ತೇವಕ್ಕೆ ಪೇಂಟ್ ಬೆಳ್ಳಗಾಗುತ್ತದೆ.

ಮತ್ತೆ ಬಾಗಿಲಿನ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ ನೋಡಿ. ಗಾಜಿನ ಪಕ್ಕದಿಂದ ಇಳಿದ ಮಳೆನೀರು ಹೋಗುವ ದಾರಿ ಅದು. ಮಣ್ಣು, ಎಲೆ ಕಟ್ಟಿಕೊಂಡರೆ ಬಾಗಿಲೊಳಗೆ ನೀರು ನಿಲ್ಲುತ್ತದೆ. ಗುಳ್ಳೆ ಬಂದದ್ದು ಅದರಿಂದಲೇ ಇರಬಹುದು. ಹಿಡಿಕಡ್ಡಿ ಹಾಕಿ ಬಿಡಿಸಿ.

ಪ್ರಶ್ನೆ (ಬೆಂಗಳೂರಿನಿಂದ): ಸೆಕೆಂಡ್ ಹ್ಯಾಂಡ್ ಕಾರು ನೋಡಿದೆ, ಅಡಿಯೆಲ್ಲ ಹೊಸ ಕಪ್ಪು ಕೋಟಿಂಗ್. ಒಳ್ಳೆಯದೇ ಅಲ್ವಾ?

ಉತ್ತರ: ಕೆಳಗೆ ಶುದ್ಧ ತಗಡಿದ್ದರೆ ಒಳ್ಳೆಯದು. ತುಕ್ಕಿನ ಮೇಲೆ ಹೊಡೆದಿದ್ದರೆ ನೀರು ಒಳಗೇ ಉಳಿದು ತಿನ್ನುತ್ತಲೇ ಇರುತ್ತದೆ. ಮಾರುವ ಮೊದಲು ಹೊಡೆಸಿದ ಕೋಟಿಂಗ್ ಕಂಡರೆ ನನಗೆ ಅನುಮಾನ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ, ಒಳಗೆ ಕಾರ್ಪೆಟ್ ಎತ್ತಿ ನೋಡದೆ ಅಡ್ವಾನ್ಸ್ ಕೊಡಬೇಡಿ.

ಕುಂದಾಪುರದವರು: ಅಣ್ಣಾ, ಇದನ್ನು ಓದಿ ನಾನೂ ಕಾರ್ಪೆಟ್ ಎತ್ತಿದೆ. ಡ್ರೈವರ್ ಕಡೆ ಅಡಿಯೆಲ್ಲ ಒದ್ದೆ. ಸೀಟಿನ ಬೋಲ್ಟ್ ಹತ್ತಿರ ತಗಡು ಹಪ್ಪಳದ ಹಾಗೆ ಎದ್ದು ಬರುತ್ತಿದೆ. ಭಾನುವಾರ ಓಡಿಸಿಕೊಂಡು ಬರಲಾ?

ಉತ್ತರ: ಓಡಿಸಬೇಡಿ. ಹೈವೇಯಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಸೀಟೇ ಕಿತ್ತು ಬರಬಹುದು. ಟೋ ಮಾಡಿಸಿ ತನ್ನಿ, ಆ ಖರ್ಚು ನೋಡಬೇಡಿ. ಅಡಿಯ ತಗಡು ಸರಿಮಾಡುವ ಮೊದಲು ನೀರು ಎಲ್ಲಿಂದ ಬರುತ್ತದೆ ಅಂತ ಹುಡುಕಬೇಕು. ಒಬ್ಬರು ಹೊರಗಿಂದ ಪೈಪಿನಲ್ಲಿ ನೀರು ಬಿಡುವುದು, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರುವುದು. ಮುಂದಿನ ಗಾಜಿನ ಬೀಡಿಂಗ್, ಬಾಗಿಲ ರಬ್ಬರ್, ವೈರ್ ಒಳಗೆ ಬರುವ ರಬ್ಬರ್ ಬುಷ್, ಈ ಮೂರು ಕಡೆ ಮೊದಲು ನೋಡೋಣ. ವೆಲ್ಡಿಂಗ್ ದಿನ ಸೀಟು, ಕಾರ್ಪೆಟ್, ಅದರಡಿಯ ಫೆಲ್ಟ್ ಎಲ್ಲ ಹೊರಗೆ. ಬ್ಯಾಟರಿ ವೈರ್ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿಯೇ ಕೆಲಸ ಶುರು.

ಪೇಂಟ್ ಕಲರ್ ಮಾತ್ರ ಬದಲಾಯಿಸಬೇಡಿ. ಆರ್‌ಸಿಯಲ್ಲಿ ಇರುವ ಬಣ್ಣವೇ ಇರಲಿ, ರಿನೀವಲ್‌ಗೆ ತೊಂದರೆ ಆಗುವುದಿಲ್ಲ. ಈಗ ಆ ಕಾರ್ಪೆಟ್ ವಾಪಸ್ ಹಾಕಬೇಡಿ. ನಾಲ್ಕೂ ಬಾಗಿಲು ತೆರೆದು ಕಾರನ್ನು ಬಿಸಿಲಿಗೆ ನಿಲ್ಲಿಸಿ.